‘ಪರ್ಮಿಷನ್ ಡಿನೈಡ್’ ಎಂದದ್ದು ಯಾರು?

ಪರೀಕ್ಷೆ ಓಡಿಸುವಾಗ ‘ಪರ್ಮಿಷನ್ ಡಿನೈಡ್’ ಎಂದು ಬಂದ ಕೂಡಲೇ ಎಲ್ಲರಿಗೂ ಎಲ್ಲ ಅನುಮತಿ ಕೊಡುವ ‘ಸಿಎಚ್‌ಮಾಡ್ 777’ ಆಜ್ಞೆ ಹೊಡೆಯುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಬೇರೆ ಕಡೆ ಹೇಗೋ ಸಹಿಸಿಕೊಳ್ಳಬಹುದು. ಕೀ ಇಲ್ಲದವರು ಫೈಲುಗಳನ್ನು ಓದದಂತೆ ಮಾಡುವ ಫೈಲ್‌ಸಿಸ್ಟಂ ಎನ್‌ಕ್ರಿಪ್ಷನ್‌ನ ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಪರೀಕ್ಷೆಯನ್ನೇ ಕೊಂದಂತೆ. ಅಲ್ಲಿ ಹಲವು ಪರೀಕ್ಷೆಗಳು ನೋಡುವುದೇ, ಬೇಡದವನಿಗೆ ‘ಇಲ್ಲ’ ಎಂಬ ಉತ್ತರ ಸಿಗುತ್ತದೆಯೋ ಇಲ್ಲವೋ ಎಂದು.

ನಾನು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯವಳು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಸುತ್ತಮುತ್ತಲ ಕಾಫಿ ತೋಟಗಳಿಗೆ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಡುತ್ತೇನೆ. ಒಳಗೆ ರಾಸ್ಪ್‌ಬೆರಿ ಪೈ 4, ಒಂದು ಎಸ್‌ಎಸ್‌ಡಿ, ಅದರ ಮೇಲೆ ನಾವೇ ಕಟ್ಟಿದ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಮಳೆಮಾಪಕದಿಂದ ಬರುವ ಅಂಕಿಯನ್ನು ಅದು ಬರೆದುಕೊಳ್ಳುತ್ತದೆ (ಇಂಚಿನಲ್ಲೇ, ಮಿಲಿಮೀಟರಿನಲ್ಲಿ ಹೇಳಿದರೆ ನಮ್ಮ ಕಡೆ ಯಾರಿಗೂ ಮಳೆ ಬಂದಂತೆಯೇ ಅನ್ನಿಸುವುದಿಲ್ಲ). ತೋಟದ ರೈಟರ್ ಅದರಲ್ಲೇ ಚೆಕ್‌ರೋಲ್ ಇಡುತ್ತಾರೆ: ಯಾರು ಎಷ್ಟು ದಿನ ಬಂದರು, ಮುಂಗಡ ಎಷ್ಟು, ಕೊಡಬೇಕಾದ್ದು ಎಷ್ಟು. ಜತೆಗೆ ಲೈನ್‌ಮನೆಯಲ್ಲಿರುವ ಕೂಲಿಯವರ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ಸಂಖ್ಯೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆಯ ಜತೆ ಕಾಗದಪತ್ರವನ್ನೂ ಕಳೆದುಕೊಂಡವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಹಾಗಾಗಿ ಪ್ರತಿ ತೆಗೆದು ಇಡುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಡವರ ಬ್ಯಾಂಕ್ ವಿವರವಿರುವ ಡಿಸ್ಕನ್ನು ಬೀಗವಿಲ್ಲದೆ ಇಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಇಡೀ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿದರೆ ಪೆಟ್ಟಿಗೆ ಪ್ರತಿ ಸಲ ಎದ್ದಾಗಲೂ ಯಾರಾದರೂ ಪಾಸ್‌ವರ್ಡ್ ಕೊಡಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮರ ಬಿದ್ದು ಲೈನು ಹರಿದು ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ನಡುರಾತ್ರಿ ಮೂರು ಗಂಟೆಗೆ ಕರೆಂಟು ಬಂದರೆ ಪಾಸ್‌ವರ್ಡ್ ಒತ್ತುವುದಕ್ಕೆ ಯಾರು ಕೂತಿರುತ್ತಾರೆ? ಮಳೆಯ ಅಂಕಿ ನಿಂತುಹೋಗುತ್ತದೆ, ಅದೂ ಮಳೆ ಜೋರಾಗಿರುವ ದಿನವೇ. ಅದಕ್ಕೆ ಎಫ್‌ಎಸ್‌ಕ್ರಿಪ್ಟ್ ಆರಿಸಿಕೊಂಡೆವು. ಇದು ಲಿನಕ್ಸ್ ಕರ್ನಲ್‌ನ ಒಳಗೇ ಇರುವ ಸೌಲಭ್ಯ. ಎಕ್ಸ್ಟ್4, ಎಫ್2ಎಫ್‌ಎಸ್ ಮುಂತಾದ ಫೈಲ್‌ಸಿಸ್ಟಂಗಳಲ್ಲಿ ಬೇಕಾದ ಡೈರೆಕ್ಟರಿಯೊಂದನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತದೆ. ಪೆಟ್ಟಿಗೆ ತಾನಾಗಿ ಏಳುತ್ತದೆ, ಮಳೆ ಬರೆದುಕೊಳ್ಳುತ್ತದೆ. ಚೆಕ್‌ರೋಲ್ ಇರುವ ಡೈರೆಕ್ಟರಿ ಮಾತ್ರ ರೈಟರ್ ಬಂದು ತೆರೆಯುವವರೆಗೆ ಮುಚ್ಚಿರುತ್ತದೆ.

ಕರ್ನಲ್ ನಾವೇ ಕಟ್ಟುವುದರಿಂದ ಪ್ರತಿ ಸಲವೂ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನ ‘ಎನ್‌ಕ್ರಿಪ್ಟ್’ ಗುಂಪನ್ನು ಓಡಿಸಿ ನೋಡುವುದು ನಮ್ಮ ಪದ್ಧತಿ. ಹೆಸರಿನಲ್ಲಿ ಎಕ್ಸ್‌ಎಫ್‌ಎಸ್ ಇದ್ದರೂ ಅದು ಎಲ್ಲ ಫೈಲ್‌ಸಿಸ್ಟಂಗಳಿಗೂ ಬಳಸುವ ಪರೀಕ್ಷೆಗಳ ಕಂತೆ. ಈ ಸಲ ಆ ಕೆಲಸವನ್ನು ಕುಶಾಲನಗರದಿಂದ ಬರುವ ಹುಡುಗಿಗೆ ಒಪ್ಪಿಸಿದ್ದೆ. ಚುರುಕಾದವಳು. ಉಬುಂಟು ಇರುವ ತನ್ನ ಲ್ಯಾಪ್‌ಟಾಪಿನಲ್ಲೇ ಎಲ್ಲವನ್ನೂ ಕಂಪೈಲ್ ಮಾಡಿ, ಎರಡು ಇಮೇಜ್ ಫೈಲ್‌ಗಳನ್ನು ಡಿಸ್ಕಿನಂತೆ ಕಾಣುವ ಲೂಪ್ ಸಾಧನಗಳಾಗಿ ಜೋಡಿಸಿ, ಎಲ್ಲ ಅಧಿಕಾರವಿರುವ ‘ರೂಟ್’ ಬಳಕೆದಾರಳಾಗಿ ಪರೀಕ್ಷೆ ಓಡಿಸಿದ್ದಳು. ರೂಟ್ ಅಲ್ಲದಿದ್ದರೆ ಆ ಸ್ಕ್ರಿಪ್ಟ್ ಶುರುವಾಗುವುದೇ ಇಲ್ಲ. ಬಹುತೇಕ ಎಲ್ಲ ಪಾಸಾಗಿ ಜೆನೆರಿಕ್/395 ಮತ್ತು ಜೆನೆರಿಕ್/581 ಮಾತ್ರ ಸೋತವು.

“ಅಕ್ಕ, ಇದು ನನಗೆ ಅರ್ಥವಾಗುತ್ತಿಲ್ಲ. ಬರಬೇಕಾದದ್ದೂ ಪರ್ಮಿಷನ್ ಡಿನೈಡ್, ಬಂದಿರುವುದೂ ಪರ್ಮಿಷನ್ ಡಿನೈಡ್. ಆದರೂ ಫೇಲ್ ಎನ್ನುತ್ತಿದೆ.”

ನೋಡಿದರೆ ಅವಳು ಹೇಳಿದ್ದು ನಿಜ. ಈ ಕಂತೆಯಲ್ಲಿ ಪ್ರತಿ ಪರೀಕ್ಷೆಗೂ ಬರಬೇಕಾದ ಉತ್ತರ ಒಂದು ಫೈಲಿನಲ್ಲಿ ಮೊದಲೇ ಇರುತ್ತದೆ. ಬಂದದ್ದು ಬೇರೆಯಾದರೆ ಅದು ‘.ಔಟ್.ಬ್ಯಾಡ್’ ಎಂಬ ಫೈಲಿಗೆ ಹೋಗುತ್ತದೆ, ಎರಡರ ವ್ಯತ್ಯಾಸ ಪರದೆಯ ಮೇಲೆ ಕಾಣುತ್ತದೆ. ಮೈನಸ್ ಗುರುತಿನ ಸಾಲಿನಲ್ಲಿ ಪರೀಕ್ಷೆ ಅಳಿಸಿ ಬರೆಯುವ ಸ್ಕ್ರ್ಯಾಚ್ ಡಿಸ್ಕಿನ ಒಂದು ಡೈರೆಕ್ಟರಿಯ ಹೆಸರು, ಎನ್‌ಕ್ರಿಪ್ಷನ್ ಪಾಲಿಸಿ (ಆ ಡೈರೆಕ್ಟರಿಯನ್ನು ಯಾವ ಕೀಯಿಂದ, ಹೇಗೆ ಎನ್‌ಕ್ರಿಪ್ಟ್ ಮಾಡಬೇಕೆಂಬ ನಿಯಮ) ಹಾಕಲಾಗಲಿಲ್ಲ ಎಂಬ ಮಾತು, ಕೊನೆಗೆ ಪರ್ಮಿಷನ್ ಡಿನೈಡ್. ಪ್ಲಸ್ ಗುರುತಿನ ಸಾಲು ‘ಬ್ಯಾಶ್’ ಎಂದು ಶುರುವಾಗಿ, ಅವಳ ಹೋಮ್ ಡೈರೆಕ್ಟರಿಯೊಳಗಿನ ಎಕ್ಸ್‌ಎಫ್‌ಎಸ್_ಐಒ ಎಂಬ, ಪಾಲಿಸಿ ಹಾಕಲು ಪರೀಕ್ಷೆ ಕರೆಯುವ ಪ್ರೋಗ್ರಾಮಿನ ಪೂರ್ತಿ ಪಾಥ್ ಹೇಳಿ, ಅದೇ ಪರ್ಮಿಷನ್ ಡಿನೈಡ್‌ನಲ್ಲಿ ಮುಗಿದಿತ್ತು.

ಬಾಲ ಒಂದೇ, ತಲೆ ಬೇರೆ. ಮೊದಲನೆಯದನ್ನು ಹೇಳಬೇಕಾದವನು ಎಕ್ಸ್ಟ್4. ಎರಡನೆಯದನ್ನು ಹೇಳಿದ್ದು ಬ್ಯಾಶ್, ಅಂದರೆ ಆಜ್ಞೆಗಳನ್ನು ಓಡಿಸುವ ಶೆಲ್. ಫೈಲ್‌ಸಿಸ್ಟಂನವರೆಗೆ ಮಾತು ತಲುಪಿಯೇ ಇಲ್ಲ.

395 ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಇದು ಬೇಗ ತಿಳಿಯುತ್ತದೆ. ಅದು ಡೈರೆಕ್ಟರಿಗೆ ಪಾಲಿಸಿ ಹಾಕುವ, ಓದುವ ಐಆಕ್ಟಲ್‌ಗಳ (ಕರ್ನಲ್‌ಗೆ ಕೊಡುವ ಕರೆಗಳ) ಪರೀಕ್ಷೆ. ಖಾಲಿಯಿಲ್ಲದ ಡೈರೆಕ್ಟರಿಗೆ ಪಾಲಿಸಿ ಹಾಕಬಾರದು, ಸಾಮಾನ್ಯ ಫೈಲಿಗೆ ಹಾಕಬಾರದು, ಓದಲು ಮಾತ್ರ ಮೌಂಟ್ ಆಗಿರುವಲ್ಲಿ ಹಾಕಬಾರದು. ಇವೆಲ್ಲಕ್ಕೂ ಒಂದೊಂದು ತಪ್ಪು ಸಂಖ್ಯೆ ಬರಬೇಕು. ಆಮೇಲೆ ರೂಟ್ ಒಡೆತನದ ಒಂದು ಡೈರೆಕ್ಟರಿ ಮಾಡಿ, ‘ಎಫ್‌ಎಸ್‌ಜಿಕ್ಯೂಎ’ ಎಂಬ ಸಾಮಾನ್ಯ ಬಳಕೆದಾರನಾಗಿ ಅದಕ್ಕೆ ಪಾಲಿಸಿ ಹಾಕಲು ಹೋಗುತ್ತದೆ. ಒಡೆಯನಲ್ಲದವನು, ಕ್ಯಾಪ್_ಎಫ್‌ಓನರ್ ಎಂಬ ವಿಶೇಷ ಅಧಿಕಾರವೂ ಇಲ್ಲದವನು ಬಂದರೆ ಕರ್ನಲ್ ಇಅಕ್ಸೆಸ್ ಎಂಬ 13ನೇ ತಪ್ಪನ್ನು ಕೊಡಬೇಕು. ಈ ನಿರಾಕರಣೆ ಬಂದರೆ ಪರೀಕ್ಷೆ ಪಾಸು.

ಈಗ ದಾರಿ ನೋಡಿ. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳಿಗೆ 0750 ಅನುಮತಿ ಬರುತ್ತದೆ. ಒಡೆಯ ಮತ್ತು ಗುಂಪನ್ನು ಬಿಟ್ಟರೆ ಹೊರಗಿನವರಿಗೆ ಒಳಗೆ ದಾಟಲೂ ಇಲ್ಲ. ಹುಡುಗಿ ತಾನೇ ಕಂಪೈಲ್ ಮಾಡಿದ ಎಕ್ಸ್‌ಎಫ್‌ಎಸ್_ಐಒ ಅವಳ ಹೋಮ್‌ನ ಒಳಗಿತ್ತು. ಪರೀಕ್ಷೆ ರೂಟ್ ಆಗಿ ಓಡುವಷ್ಟು ಹೊತ್ತು ತೊಂದರೆಯಿಲ್ಲ, ರೂಟ್‌ಗೆ ಯಾವ ಬಾಗಿಲೂ ಅಡ್ಡವಲ್ಲ. ‘ಎಸ್‌ಯು’ ಮಾಡಿ ಎಫ್‌ಎಸ್‌ಜಿಕ್ಯೂಎ ಆದ ಕ್ಷಣ ಆ ಪ್ರೋಗ್ರಾಮನ್ನು ಮುಟ್ಟಲಾಗುವುದಿಲ್ಲ. ಗೋದಾಮಿನ ಬೀಗದ ಕೈ ಜೇಬಿನಲ್ಲಿದ್ದರೇನು, ತೋಟದ ಗೇಟಿನಲ್ಲೇ ತಡೆದರೆ ಗೋದಾಮಿನ ಬೀಗ ಒಳ್ಳೆಯದೋ ಕೆಟ್ಟದ್ದೋ ಹೇಳುವವರು ಯಾರು?

“ಎಕ್ಸ್‌ಎಫ್‌ಎಸ್_ಐಒಗೆ 755 ಇದೆಯಲ್ಲ ಅಕ್ಕ” ಎಂದಳು. ಇದೆ. ಆದರೆ ಕೊನೆಯ ಫೈಲಿನ ಅನುಮತಿ ಒಂದೇ ಸಾಲದು, ಅಲ್ಲಿಗೆ ಹೋಗುವ ಪ್ರತಿ ಡೈರೆಕ್ಟರಿಯ ಮೇಲೂ ‘ಎಕ್ಸ್’ (ದಾಟುವ ಅನುಮತಿ) ಇರಬೇಕು. ಇದನ್ನು ನೋಡಲು ‘ನೇಮ್‌ಐ’ ಎಂಬ ಪುಟ್ಟ ಆಜ್ಞೆಯೊಂದಿದೆ. ‘-ಎಲ್’ ಜತೆ ಪೂರ್ತಿ ಪಾಥ್ ಕೊಟ್ಟರೆ ಮೂಲದಿಂದ ಫೈಲಿನವರೆಗೆ ಒಂದೊಂದು ಮೆಟ್ಟಿಲಿನ ಒಡೆಯ, ಗುಂಪು, ಅನುಮತಿಯನ್ನು ಸಾಲಾಗಿ ತೋರಿಸುತ್ತದೆ. ಅವಳ ಹೆಸರಿನ ಮೆಟ್ಟಿಲಲ್ಲಿ ಕೊನೆಯ ಮೂರೂ ಜಾಗ ಗೆರೆ, ಗೆರೆ, ಗೆರೆ. ಇಷ್ಟು ಉಪಯೋಗದ ಆಜ್ಞೆಯನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡದಿರುವುದು ನನಗೆ ಆಶ್ಚರ್ಯ.

ನಾನು ಇಷ್ಟು ಹೇಳಿ ಕಾಫಿ ಗಿಡದ ಕಸಿಗೆ ಬಂದವರ ಜತೆ ಮಾತಾಡಲು ಹೋದೆ. ವಾಪಸ್ ಬರುವಷ್ಟರಲ್ಲಿ ಅವಳು ಎಲ್ಲವನ್ನೂ ಹೊರಗಿನ ಎಸ್‌ಎಸ್‌ಡಿಗೆ ಸಾಗಿಸಿ ಮತ್ತೆ ಓಡಿಸಿದ್ದಳು. ಮತ್ತದೇ ಬ್ಯಾಶ್, ಮತ್ತದೇ ಡಿನೈಡ್.

ಈ ಎರಡನೆಯ ಗಂಟು ಸ್ವಲ್ಪ ಜಾಣತನದ್ದು. ಯುಎಸ್‌ಬಿ ಡಿಸ್ಕನ್ನು ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡುವಾಗ ‘/ಮೀಡಿಯಾ’ದ ಕೆಳಗೆ ಬಳಕೆದಾರನ ಹೆಸರಿನ ಡೈರೆಕ್ಟರಿ ಮಾಡಿ ಅದರೊಳಗೆ ಇಡುತ್ತದೆ. ಆ ಡೈರೆಕ್ಟರಿಯ ಒಡೆಯ ರೂಟ್, ಅನುಮತಿ 0750, ಮೇಲೆ ಆ ಬಳಕೆದಾರನಿಗೆ ಮಾತ್ರ ಎಸಿಎಲ್ (ಹೆಸರು ಹಿಡಿದು ಕೊಡುವ ಹೆಚ್ಚುವರಿ ಅನುಮತಿ) ಮೂಲಕ ಪ್ರವೇಶ. ‘ಎಲ್‌ಎಸ್ -ಎಲ್‌ಡಿ’ ಹೊಡೆದರೆ ಅನುಮತಿಯ ಸಾಲಿನ ಕೊನೆಗೆ ಒಂದು ಚಿಕ್ಕ + ಕಾಣುತ್ತದೆ. ಅದನ್ನು ಕಂಡರೆ ‘ಗೆಟ್‌ಫ್ಯಾಕ್ಲ್’ ಹಾಕಿ ನೋಡಬೇಕು. ಅವಳಾಗಿ ಒಳಗೆ ಹೋದರೆ ಎಲ್ಲ ಸರಿ, ರೂಟ್ ಆಗಿ ಹೋದರೂ ಸರಿ, ಮೂರನೆಯವನಿಗೆ ಮಾತ್ರ ಬಾಗಿಲು ಮುಚ್ಚಿದೆ. ನಮ್ಮ ಎಫ್‌ಎಸ್‌ಜಿಕ್ಯೂಎ ಆ ಮೂರನೆಯವನು.

ಊಹೆ ಮಾಡುತ್ತ ಕೂರುವುದಕ್ಕಿಂತ ಆ ಬಳಕೆದಾರನಾಗಿಯೇ ಪ್ರೋಗ್ರಾಮನ್ನು ಕರೆದು ನೋಡುವುದು ವಾಸಿ: ‘ಸುಡೊ -ಯು ಎಫ್‌ಎಸ್‌ಜಿಕ್ಯೂಎ’ ಎಂದು, ಪೂರ್ತಿ ಪಾಥ್ ಕೊಟ್ಟು, ‘-ವಿ’ ಹಾಕಿದರೆ ಆವೃತ್ತಿಯ ಸಂಖ್ಯೆ ಬರಬೇಕು. ಬಂದರೆ ದಾರಿ ತೆರೆದಿದೆ. ಬರದಿದ್ದರೆ ಎನ್‌ಕ್ರಿಪ್ಷನ್‌ನ ಮಾತೇ ಎತ್ತಬೇಡಿ.

ಹೋಮ್‌ಗೆ 755 ಕೊಟ್ಟುಬಿಡೋಣ ಎಂದಳು. ಬೇಡ ಎಂದೆ, ಅವಳ ಬ್ರೌಸರು, ಅವಳ ಎಸ್‌ಎಸ್‌ಎಚ್ ಕೀ, ಎಲ್ಲವೂ ಅಲ್ಲಿವೆ. ಇನ್ನೊಂದು ಕೆಲಸವನ್ನೂ ಅವಳು ಆಗಲೇ ಮಾಡಿಟ್ಟಿದ್ದಳು: ಲೂಪ್ ಸಾಧನ ತೆರೆಯಲು ಸುಲಭವಾಗಲಿ ಎಂದು ತನ್ನನ್ನು ‘ಡಿಸ್ಕ್’ ಗುಂಪಿಗೆ ಸೇರಿಸಿಕೊಂಡಿದ್ದಳು. ಅದನ್ನು ತಕ್ಷಣ ತೆಗೆಸಿದೆ. ಡಿಸ್ಕ್ ಗುಂಪಿನವರು ಸಾಧನವನ್ನೇ ನೇರವಾಗಿ ಓದಬಹುದು, ಬರೆಯಬಹುದು. ಮೇಲಿನ ಯಾವ ಫೈಲಿನ ಅನುಮತಿಯೂ ಆಗ ಲೆಕ್ಕಕ್ಕಿಲ್ಲ. ಪರೀಕ್ಷೆಯನ್ನು ಹೇಗೂ ರೂಟ್ ಆಗಿಯೇ ಓಡಿಸುವಾಗ ಅದರ ಅಗತ್ಯವಾದರೂ ಏನು?

ಸರಿಯಾದ ಉತ್ತರ ಬೇಸರ ಬರಿಸುವಷ್ಟು ಸಾಧಾರಣ. ‘ಮೇಕ್ ಇನ್‌ಸ್ಟಾಲ್’ ಮಾಡಿದರೆ ಈ ಕಂತೆ ತಾನಾಗಿ ‘/ವರ್/ಲಿಬ್/ಎಕ್ಸ್‌ಎಫ್‌ಎಸ್‌ಟೆಸ್ಟ್ಸ್’ಗೆ ಹೋಗುತ್ತದೆ. ಎಕ್ಸ್‌ಎಫ್‌ಎಸ್_ಐಒವನ್ನೂ ಹಾಗೆಯೇ ವ್ಯವಸ್ಥೆಯ ಜಾಗದಲ್ಲಿ ಇನ್‌ಸ್ಟಾಲ್ ಮಾಡಿ, ಟೆಸ್ಟ್ ಮತ್ತು ಸ್ಕ್ರ್ಯಾಚ್ ಮೌಂಟ್‌ಗಳನ್ನು ‘/ಎಂಎನ್‌ಟಿ’ಯ ಕೆಳಗೆ ಇಟ್ಟೆವು. 395 ಪಾಸಾಯಿತು. ಈ ಸಲ ‘ಇಲ್ಲ’ ಎಂದದ್ದು ಎಕ್ಸ್ಟ್4.

581 ಇನ್ನೂ ಒಂದು ಹೆಜ್ಜೆ ಆಳದ್ದು. ಅದು ರೂಟ್ ಅಲ್ಲದವರು ಕೀ ಸೇರಿಸುವುದನ್ನು, ತೆಗೆಯುವುದನ್ನು ಪರೀಕ್ಷಿಸುತ್ತದೆ. ಇದರ ಹಿಂದೆ ಒಂದು ಚರಿತ್ರೆ ಇದೆ. ಎಫ್‌ಎಸ್‌ಕ್ರಿಪ್ಟ್‌ನ ಮೊದಲ ಆವೃತ್ತಿಯ ಪಾಲಿಸಿಗಳಲ್ಲಿ ಕೀಗಳು ಓಡುವ ಪ್ರೋಗ್ರಾಮುಗಳ ಕೀರಿಂಗ್‌ಗಳಲ್ಲಿ (ಕೀಗೊಂಚಲುಗಳಲ್ಲಿ) ಇರುತ್ತಿದ್ದವು. ನೀವು ತೆರೆದ ಡೈರೆಕ್ಟರಿ ನಿಮಗೆ ಕಾಣುತ್ತಿತ್ತು, ಬೇರೆ ಸೆಷನ್‌ನಲ್ಲಿ ಓಡುವ ಬ್ಯಾಕಪ್ ಸೇವೆಗೆ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎನ್ನುತ್ತಿತ್ತು, ಅಂದರೆ 126ನೇ ತಪ್ಪು, ಇನೋಕೀ. ‘ಸುಡೊ’ ಹಾಕಿದರೂ ಅಷ್ಟೇ, ಏಕೆಂದರೆ ರೂಟ್‌ನ ಕೀರಿಂಗ್ ಬೇರೆ. ಜನ ಇದನ್ನು ಅನುಮತಿಯ ತೊಂದರೆ ಎಂದು ತಿಳಿದು ಒಡೆತನ ಬದಲಿಸುವ ಸಿಎಚ್‌ಓನ್ ಹಾಕುತ್ತ ಹೋಗುತ್ತಿದ್ದರು. 2019ರ ಕೊನೆಗೆ ಬಂದ ಲಿನಕ್ಸ್ 5.4ರಲ್ಲಿ ಕೀಗಳನ್ನು ಫೈಲ್‌ಸಿಸ್ಟಂಗೇ ಸೇರಿಸುವ ವ್ಯವಸ್ಥೆಯೂ ಎರಡನೆಯ ಆವೃತ್ತಿಯ ಪಾಲಿಸಿಯೂ ಬಂದವು. ಎರಡನೆಯ ಆವೃತ್ತಿಯ ಕೀಯನ್ನು ಯಾರು ಬೇಕಾದರೂ ಸೇರಿಸಬಹುದು. ಮೊದಲನೆಯ ಆವೃತ್ತಿಯದನ್ನು ಅದೇ ದಾರಿಯಲ್ಲಿ ಸೇರಿಸಲು ಕ್ಯಾಪ್_ಸಿಸ್_ಅಡ್ಮಿನ್ ಎಂಬ ಅಧಿಕಾರ ಬೇಕು, ಇಲ್ಲದಿದ್ದರೆ ಮತ್ತೆ 13ನೇ ತಪ್ಪು. 581 ಈ ನಿರಾಕರಣೆಯನ್ನೂ ನೋಡುತ್ತದೆ. ಇಲ್ಲಿಯೂ ಬರಬೇಕಾದ ಉತ್ತರ ಪರ್ಮಿಷನ್ ಡಿನೈಡ್.

ದಾರಿ ಸರಿಮಾಡಿದ ಮೇಲೆ ಇದೂ ಪಾಸಾಯಿತು, ವಿಶೇಷ ಏನಿಲ್ಲ. ಆದರೆ ಇದನ್ನು ನೋಡುತ್ತ ಅವಳು ತನ್ನದೇ ಒಂದು ಸ್ಕ್ರಿಪ್ಟ್ ಬರೆದು, ಸಾಮಾನ್ಯ ಬಳಕೆದಾರಳಾಗಿ ಒಂದರ ಮೇಲೊಂದು ಕೀ ಸೇರಿಸುತ್ತ ಹೋದಾಗ ‘ಡಿಸ್ಕ್ ಕೋಟಾ ಎಕ್ಸೀಡೆಡ್’ ಬಂತು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು, ಕೋಟಾ ಹಾಕಿಯೇ ಇರಲಿಲ್ಲ. ಇಲ್ಲಿ ಕೋಟಾ ಕೀಗಳದ್ದು. ರೂಟ್ ಅಲ್ಲದ ಬಳಕೆದಾರನೊಬ್ಬನಿಗೆ ಮಾಮೂಲಾಗಿ 200 ಕೀ, ಒಟ್ಟು 20,000 ಬೈಟ್. ‘/ಪ್ರೊಕ್/ಸಿಸ್/ಕರ್ನಲ್/ಕೀಸ್’ ಒಳಗೆ ಮ್ಯಾಕ್ಸ್‌ಕೀಸ್, ಮ್ಯಾಕ್ಸ್‌ಬೈಟ್ಸ್ ಎಂದು ಕಾಣುತ್ತದೆ. ಈ ತಪ್ಪಿಗೆ ಡಿಸ್ಕಿನ ಹೆಸರು ಅಂಟಿಕೊಂಡಿರುವುದರಿಂದ ಎಷ್ಟು ಜನ ಡಿಸ್ಕ್ ಖಾಲಿ ಮಾಡಿದ್ದಾರೋ!

ಹೆಸರು ನಂಬಿ ಕೆಡುವ ತಪ್ಪುಗಳು ಇನ್ನೂ ಇವೆ. ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂಬುದು ಇಪರ್ಮ್, 1ನೇ ತಪ್ಪು. ಇಅಕ್ಸೆಸ್‌ನ ತಮ್ಮನಂತೆ ಕಂಡರೂ ಬೇರೆ. ಎಕ್ಸ್ಟ್4ನ ಖಾಲಿ ಇರುವ ಮೂಲ ಡೈರೆಕ್ಟರಿಗೇ ಪಾಲಿಸಿ ಹಾಕಲು ಹೋದರೆ ರೂಟ್‌ಗೂ ಇದೇ ಬರುತ್ತದೆ. ಎಕ್ಸ್ಟ್4 ಅದಕ್ಕೆ ಒಪ್ಪುವುದಿಲ್ಲ, ಕೆಳಗೊಂದು ಡೈರೆಕ್ಟರಿ ಮಾಡಿ ಅದಕ್ಕೆ ಹಾಕಬೇಕು. ಡಾಕರ್ ಒಳಗೆ ವಿಶೇಷ ಅಧಿಕಾರ ಕೊಡದೆ ಇಮೇಜ್ ಮೌಂಟ್ ಮಾಡಲು ಹೋದರೂ ಅನುಮತಿಯ ತಪ್ಪೇ ಬರುತ್ತದೆ, ಎನ್‌ಕ್ರಿಪ್ಷನ್‌ಗೂ ಅದಕ್ಕೂ ಸಂಬಂಧವಿಲ್ಲ. ನಾವು ಪರೀಕ್ಷೆಗೆ ಡಾಕರ್ ಬಳಸುವುದನ್ನೇ ಬಿಟ್ಟು ವರ್ಚುವಲ್ ಯಂತ್ರಕ್ಕೆ ಹೋದೆವು, ನೆಮ್ಮದಿಯಾಗಿದೆ. ಇನ್ನು ಎಫ್‌ಎಸ್‌ಜಿಕ್ಯೂಎ ಬಳಕೆದಾರನೇ ಇಲ್ಲದಿದ್ದರೆ ಪರೀಕ್ಷೆ ಸೋಲುವುದೂ ಇಲ್ಲ, ‘ನಾಟ್ ರನ್’ ಎಂದು ಬರೆದು ಮುಂದೆ ಹೋಗುತ್ತದೆ. ಸೋತದ್ದಾದರೂ ಕಣ್ಣಿಗೆ ಬೀಳುತ್ತದೆ, ಓಡದಿರುವುದು ಕಣ್ಣಿಗೆ ಬೀಳುವುದಿಲ್ಲ. ನಾನು ಮೊದಲು ಆ ಪಟ್ಟಿಯನ್ನೇ ಓದುತ್ತೇನೆ.

ಪೆಟ್ಟಿಗೆಯ ಮೇಲೆ ಓಡಿಸಿದಾಗ ಬಂದದ್ದು ಇನ್ನೊಂದು ವಿಚಿತ್ರ. ಪೈ 4ರ ಚಿಪ್‌ನಲ್ಲಿ ಎಇಎಸ್ ಎಂಬ ಮಾಮೂಲು ಎನ್‌ಕ್ರಿಪ್ಷನ್ ವಿಧಾನಕ್ಕೆ ಬೇಕಾದ ವಿಶೇಷ ಸೂಚನೆಗಳಿಲ್ಲ. ಅದಕ್ಕಾಗಿ ಲಿನಕ್ಸ್ 5.0ರಿಂದ ಎಫ್‌ಎಸ್‌ಕ್ರಿಪ್ಟ್‌ಗೆ ಬಂದ ಅಡಿಯಾಂಟಮ್ ಎಂಬ ವಿಧಾನವನ್ನು ಬಳಸುತ್ತೇವೆ. ಅಂಥ ಚಿಪ್‌ಗಳಲ್ಲಿ ಅದು ಎಇಎಸ್‌ಗಿಂತ ಬಹಳ ಚುರುಕು. ಹೊಸ ಕರ್ನಲ್‌ನ ಸಂರಚನೆಯಲ್ಲಿ ಅದನ್ನು ಆನ್ ಮಾಡದಿದ್ದರೆ ಅಡಿಯಾಂಟಮ್ ಡೈರೆಕ್ಟರಿಯಲ್ಲಿ ಫೈಲ್ ಮಾಡಲು ಹೋದಾಗ ‘ಪ್ಯಾಕೇಜ್ ನಾಟ್ ಇನ್‌ಸ್ಟಾಲ್ಡ್’ ಎನ್ನುತ್ತದೆ. ಹುಡುಗಿ ‘ಆಪ್ಟ್’ನಲ್ಲಿ ಪ್ಯಾಕೇಜ್ ಹುಡುಕತೊಡಗಿದಳು. ನಕ್ಕೆ. ಕರ್ನಲ್‌ನ ಸಂದೇಶ ತೋರಿಸುವ ‘ಡಿಮೆಸೆಜ್’ ನೋಡು ಎಂದೆ. ಯಾವ ಕ್ರಿಪ್ಟೊ ಸೌಲಭ್ಯ ಕರ್ನಲ್‌ನಲ್ಲಿ ಇಲ್ಲ ಎಂದು ಅಲ್ಲಿ ಹೆಸರು ಹಿಡಿದು ಬರೆದಿರುತ್ತದೆ.

ಕೊನೆಗೆ ರೈಟರ್. ಸುಗ್ಗಿಗೆ ಮೊದಲು ಪೆಟ್ಟಿಗೆ ತೋರಿಸಲು ಹೋಗಿದ್ದೆ. ಮುಚ್ಚಿದ ಡೈರೆಕ್ಟರಿಯಲ್ಲಿ ಫೈಲಿನ ಹೆಸರೆಲ್ಲ ಅರ್ಥವಿಲ್ಲದ ಉದ್ದುದ್ದ ಅಕ್ಷರವಾಗಿ ಕಾಣುವುದನ್ನು ನೋಡಿ ಅವರಿಗೆ ಖುಷಿಯಾಯಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಓದಲು ಆಗುವುದಿಲ್ಲ ಸರಿ ಮೇಡಂ. ಅಳಿಸಲು ಆಗುತ್ತದೆಯೋ?”

ಮೂವತ್ತು ವರ್ಷ ಲೆಕ್ಕ ಬರೆದವರ ಪ್ರಶ್ನೆ. ಆಗುತ್ತದೆ. ಕೀ ಇಲ್ಲದೆಯೂ ಎನ್‌ಕ್ರಿಪ್ಟ್ ಆದ ಫೈಲನ್ನು ಅಳಿಸಬಹುದು, ಡೈರೆಕ್ಟರಿಯ ಮೇಲೆ ಬರೆಯುವ ಅನುಮತಿ ಇದ್ದರೆ ಸಾಕು. 397ನೇ ಪರೀಕ್ಷೆಯಲ್ಲಿ ಇದು ಯಶಸ್ವಿಯಾಗಲೇಬೇಕು. ಅಷ್ಟೇ ಅಲ್ಲ, ರೈಟರ್ ಒಮ್ಮೆ ತೆರೆದ ಮೇಲೆ ಆ ಪೆಟ್ಟಿಗೆಯ ಬೇರೆ ಬಳಕೆದಾರರಿಂದ ಫೈಲುಗಳನ್ನು ಕಾಯುವುದು ಎನ್‌ಕ್ರಿಪ್ಷನ್ ಅಲ್ಲ, ಅದೇ ಹಳೆಯ ಅನುಮತಿಯ ಬಿಟ್‌ಗಳು. ಎಫ್‌ಎಸ್‌ಕ್ರಿಪ್ಟ್‌ನ ದಾಖಲೆಯೇ ಇದನ್ನು ನೇರವಾಗಿ ಹೇಳುತ್ತದೆ. ಡಿಸ್ಕ್ ಕದ್ದೊಯ್ದವನಿಂದ ಕಾಯುವುದು ಕೀಯ ಕೆಲಸ, ಪಕ್ಕದಲ್ಲಿ ಕೂತವನಿಂದ ಕಾಯುವುದು 0700ರ ಕೆಲಸ.

ಹಾಗಾಗಿ ಚೆಕ್‌ರೋಲ್ ಡೈರೆಕ್ಟರಿಯ ಒಡೆತನ ರೈಟರ್ ಬಳಸುವ ಖಾತೆಗೆ ಮಾತ್ರ, ಅನುಮತಿ 0700. ಮಳೆ ಬರೆಯುವ ಸೇವೆಗೆ ಬೇರೆ ಬಳಕೆದಾರ, ಅವನಿಗೆ ಅಲ್ಲಿ ಪ್ರವೇಶವಿಲ್ಲ. ಎಫ್‌ಎಸ್‌ಕ್ರಿಪ್ಟ್ ಎಂಬ ಅದೇ ಹೆಸರಿನ ಉಪಕರಣದ ‘ಸೆಟಪ್’ನಲ್ಲಿ ರೂಟ್ ಅಲ್ಲದವರಿಗೂ ಮೆಟಾಡೇಟಾ ಬರೆಯಲು ಬಿಡಬೇಕೇ ಎಂದು ಕೇಳಿದಾಗ ಬೇಡ ಎಂದೆ, ಪಾಲಿಸಿಯನ್ನು ನಾನೇ ಒಮ್ಮೆ ಮಾಡಿಕೊಟ್ಟರೆ ತೆರೆಯುವುದಕ್ಕೆ ರೈಟರ್‌ಗೆ ಯಾವ ವಿಶೇಷ ಅಧಿಕಾರವೂ ಬೇಡ. ಒಂದೇ ಪಾಲಿಸಿಗೆ ಒಂದಕ್ಕಿಂತ ಹೆಚ್ಚು ಪ್ರೊಟೆಕ್ಟರ್ (ಕೀಯನ್ನು ತೆರೆಯುವ ಪಾಸ್‌ವರ್ಡಿನಂಥದ್ದು) ಇರಬಹುದಾದ್ದರಿಂದ ಸಾಹುಕಾರರ ಪಾಸ್‌ವರ್ಡನ್ನೂ ಸೇರಿಸಿದೆ. ಅವರು ಅದನ್ನು ಬರೆದು ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದಾರೆ. ರೈಟರ್ ತಮ್ಮದನ್ನು ಎಲ್ಲಿ ಬರೆದಿಟ್ಟಿದ್ದಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.